ಪಕ್ಕದಲ್ಲಿರುವವನು, ಎದುರಿಗಿರುವವನು

ಯುದ್ಧದಿಂದ ವಾಪಸ್ ಬಂದ ಸೈನಿಕರ ಜೊತೆ ಕೂತು ಮಾತಾಡುವುದು ಮನೋವೈದ್ಯನಾದ ನನ್ನ ಕೆಲಸ. ನಿದ್ದೆ ಹೇಗಿದೆ, ಕನಸು ಬೀಳುತ್ತಾ ಅಂತ ಕೇಳುವುದು ಇದ್ದದ್ದೇ. ನನ್ನ ಕಿವಿ ಮಾತ್ರ ಬೇರೆ ಕಡೆ ಇರುತ್ತದೆ. ಅಲ್ಲಿನ ಊರ ಜನರನ್ನು ಇವರು ಏನಂತ ಕರೆಯುತ್ತಾರೆ? ಮೊದಲ ತಿಂಗಳ ಕಥೆಯಲ್ಲಿ ‘ಬಾವಿ ಹತ್ತಿರದ ಅಜ್ಜಿ’, ‘ಸೈಕಲ್ ಹುಡುಗ’ ಬರುತ್ತಾರೆ. ಆರನೇ ತಿಂಗಳ ಹೊತ್ತಿಗೆ ಎಲ್ಲರೂ ಸೇರಿ ‘ಅವರು’ ಆಗಿರುತ್ತಾರೆ. ಕೆಲವೊಮ್ಮೆ ಅದಕ್ಕಿಂತ ಕೆಟ್ಟ ಪದ. ಇದು ಯಾವತ್ತು ಬದಲಾಯಿತು ಅಂತ ಹುಡುಕುತ್ತಾ ಹೋದರೆ, ಹೆಚ್ಚಾಗಿ ಒಬ್ಬ ಗೆಳೆಯನ ಸಾವಿನ ಹತ್ತಿರ ಹೋಗಿ ನಿಲ್ಲುತ್ತೇವೆ.

ಸೆಕ್ಷನ್ ಅಂದರೆ ಸೈನ್ಯದ ಚಿಕ್ಕ ತಂಡ, ಸುಮಾರು ಹತ್ತು ಜನ. ಉಣ್ಣುವುದು, ಮಲಗುವುದು, ಹೆದರುವುದು ಎಲ್ಲಾ ಒಟ್ಟಿಗೆ. ನನ್ನ ಹತ್ತಿರ ಬರುವ ಒಬ್ಬರು ಈಗಲೂ ಲೋಟದ ನೀರು ಪೂರ್ತಿ ಕುಡಿಯುವುದಿಲ್ಲ. ಎರಡು ಗುಟುಕು ಬಿಡುತ್ತಾರೆ. ಪಹರೆಯಲ್ಲಿ ಒಂದೇ ಬಾಟಲಿ ಹಂಚಿಕೊಂಡು ಆದ ಅಭ್ಯಾಸ. ಆ ಎರಡು ಗುಟುಕು ಯಾರದೋ, ಅವನು ಸತ್ತು ವರ್ಷಗಳಾಗಿವೆ.

ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರ ಮಾತು ಆಧರಿಸಿ, 1948ರಲ್ಲಿ ಶಿಲ್ಸ್ ಮತ್ತು ಜಾನೊವಿಟ್ಜ್ ಎಂಬ ಸಮಾಜಶಾಸ್ತ್ರಜ್ಞರು ಒಂದು ಲೇಖನ ಬರೆದರು. ಸೋಲು ಕಣ್ಣಿಗೆ ಕಾಣುತ್ತಿದ್ದರೂ ಇವರನ್ನು ಹಿಡಿದು ನಿಲ್ಲಿಸಿದ್ದು ಸಿದ್ಧಾಂತಕ್ಕಿಂತ ಜಾಸ್ತಿ ಈ ಚಿಕ್ಕ ಗುಂಪಿನ ನಂಟು ಅಂದರು. ಆಮೇಲೆ ಬಂದವರು ತಕರಾರು ತೆಗೆದಿದ್ದಾರೆ, ಅದು ಬೇರೆ ಮಾತು. ನಂಟಿನ ಬಲವನ್ನಂತೂ ನಾನು ದಿನಾ ನೋಡುತ್ತೇನೆ. ಅದೇ ನಂಟು ಹೊರಗಿನವರ ಮುಖ ಮಸುಕು ಮಾಡುವುದನ್ನೂ ನೋಡುತ್ತೇನೆ.

ವಿಯೆಟ್ನಾಂನ ಮೈ ಲಾಯ್ ಹಳ್ಳಿ ನೋಡಿ. ಚಾರ್ಲಿ ಕಂಪನಿ ಎಂಬ ಅಮೆರಿಕನ್ ತುಕಡಿ ವಾರಗಟ್ಟಲೆ ನೆಲಬಾಂಬುಗಳಿಗೆ ಜನರನ್ನು ಕಳೆದುಕೊಂಡಿತ್ತು. ತಿರುಗಿ ಹೊಡೆಯಲು ಎದುರಿಗೆ ಯಾರೂ ಇಲ್ಲ. 1968ರ ಮಾರ್ಚ್ 14ರಂದು ಎಲ್ಲರಿಗೂ ಬೇಕಾಗಿದ್ದ ಒಬ್ಬ ಸಾರ್ಜೆಂಟ್ ಸತ್ತ. ಮರುದಿನ ಶ್ರದ್ಧಾಂಜಲಿ ಸಭೆ. ಅದರ ಬೆನ್ನಿಗೇ ಮುಂದಿನ ದಾಳಿಯ ಸೂಚನೆ. 16ರ ಬೆಳಿಗ್ಗೆ ಹಳ್ಳಿಗೆ ನುಗ್ಗಿ ಹೆಂಗಸರು, ಮಕ್ಕಳು, ಮುದುಕರನ್ನು ಕೊಂದರು. ವಿಯೆಟ್ನಾಂ ಕೊಡುವ ಲೆಕ್ಕ 504.

ಅವತ್ತು ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ತಮ್ಮದೇ ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿದು, ಸಿಕ್ಕಷ್ಟು ಜನರನ್ನು ಹೊರಗೆ ಸಾಗಿಸಿದರು. ನಮ್ಮವರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಅಂತ ತಮ್ಮ ಇಬ್ಬರು ಸಂಗಾತಿಗಳಿಗೆ ಹೇಳಿದ್ದರು. ಊರಿಗೆ ಮರಳಿದ ಮೇಲೆ ದ್ರೋಹಿ ಅನ್ನಿಸಿಕೊಂಡರು. ಮೂವರಿಗೆ ಪದಕ ಸಂದದ್ದು 1998ರಲ್ಲಿ, ಅಷ್ಟರಲ್ಲಿ ಒಬ್ಬರು ಬದುಕಿರಲಿಲ್ಲ. ಗುಂಪಿನ ವಿರುದ್ಧ ನಿಲ್ಲುವುದು ಅಷ್ಟು ದುಬಾರಿ. ಅದಕ್ಕೇ, ಒಬ್ಬರ ಧೈರ್ಯ ನಂಬಿಕೊಂಡು ಕೂರುವ ವ್ಯವಸ್ಥೆ ನನಗೆ ಸರಿ ಕಾಣುವುದಿಲ್ಲ.

ದ್ವೇಷ ಇಲ್ಲದೆಯೂ ಅನಾಹುತ ಆಗುತ್ತದೆ. ಮುಷ್ಟಿ ಎತ್ತಿದರೆ ‘ನಿಲ್ಲು’ ಅಂತ ಸೈನಿಕನಿಗೆ ಗೊತ್ತು. ಚೆಕ್‌ಪೋಸ್ಟ್ ಕಡೆ ಕಾರು ಓಡಿಸಿಕೊಂಡು ಬರುವವನಿಗೆ? ಗೊತ್ತಿಲ್ಲ. ಬ್ರೇಕ್ ಹಾಕುವುದಿಲ್ಲ. ಅನುಮಾನ ಬಂದಾಗ ಎದುರಿಗಿರುವವರನ್ನು ನಾಗರಿಕರೆಂದೇ ತಿಳಿಯಬೇಕು ಅನ್ನುತ್ತದೆ 1977ರ ಜಿನೀವಾ ಹೆಚ್ಚುವರಿ ಒಪ್ಪಂದ. ಮೂರು ರಾತ್ರಿ ನಿದ್ದೆಗೆಟ್ಟವನಿಗೆ ಆ ಮಾತು ಆ ಕ್ಷಣ ನೆನಪಿಗೆ ಬರಬೇಕಲ್ವಾ? ಹಾಗಾಗಿ ತರಬೇತಿ ಕೊಡುವವರಿಗೆ ನಾನು ಹೇಳುವುದು ಇಷ್ಟು: ಸೆಕ್ಷನ್ನಿನಲ್ಲಿ ಒಂದು ಸಾವಾದ ಮೇಲೆ ಉಳಿದವರನ್ನು ಕೆಲವು ದಿನ ಊರೊಳಗೆ ಗಸ್ತಿಗೆ ಕಳಿಸಬೇಡಿ.

ಎರಡು ಗುಟುಕು ನೀರು ಬಿಡುವವರ ಸೆಕ್ಷನ್ ಕಮಾಂಡರ್ ಅದನ್ನೇ ಮಾಡಿದ್ದ. ಗೆಳೆಯ ಸತ್ತ ಮರುದಿನ ಇವರನ್ನೆಲ್ಲ ಒಳಗೇ ಇಟ್ಟುಕೊಂಡು, ಸಂಜೆವರೆಗೂ ಮರಳು ಚೀಲ ತುಂಬಿಸಿದ.

“ಅವನನ್ನು ಕೊಂದೇ ಬಿಡೋಣ ಅನ್ನಿಸಿತ್ತು ಡಾಕ್ಟ್ರೇ,” ಅಂದರು. “ಬಾವಿ ಹತ್ತಿರದ ಅಜ್ಜಿ ಅವತ್ತೂ ನೀರಿಗೆ ಬಂದಿದ್ಳಂತೆ.”