ದೃಷ್ಟಿ ತಾಗಿದ್ದಲ್ಲ, ಕತ್ತರಿ ಬಿದ್ದದ್ದು

ಸಿರಾ, ಪಾವಗಡ, ಮಧುಗಿರಿ ಕಡೆ ಭರಣಿಯೋ ಕೃತ್ತಿಕೆಯೋ ಒಂದು ಹದ ಮಳೆ ಬಿದ್ದು, ಎಂಟು ಹತ್ತು ದಿನಕ್ಕೆ ಬದುವಿನ ಮೇಲೆ ಹಸಿರು ಕಂಡಿತೆಂದರೆ ಕುರಿ ರೊಪ್ಪಗಳಲ್ಲಿ ಒಂದು ಮಾತು ಶುರುವಾಗುತ್ತದೆ: "ದೃಷ್ಟಿ ತಾಗ್ತು." ಸಾಯಂಕಾಲ ಹೊಟ್ಟೆ ತುಂಬ ಮೇದು ಬಂದ ಮರಿ, ಅದೂ ಮಂದೆಯಲ್ಲೇ ಗುಂಡುಗುಂಡಾಗಿದ್ದದ್ದು, ಬೆಳಗ್ಗೆ ಹಿಕ್ಕೆ ಗುಡಿಸಲು ಹೋದಾಗ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತದೆ. ಕಾಲು ಬಡಿದ ಕಡೆ ಮಣ್ಣು ಕೆರೆದ ಗುರುತು. ಪಕ್ಕದ ಬಡಕಲು ಮರಿಗೆ ಏನೂ ಆಗಿರುವುದಿಲ್ಲ. ಹಿಂದಿನ ದಿನ ದಲ್ಲಾಳಿ ಬಂದು ಅದೇ ಮರಿಯ ಬೆನ್ನು ಹಿಸುಕಿ ನೋಡಿ, ಅಕ್ಕಿರಾಂಪುರ ಸಂತೆಯಲ್ಲಿ ಒಳ್ಳೆ ರೇಟು ಬರುತ್ತದೆ ಅಂದಿದ್ದರಂತೂ ಮುಗಿಯಿತು, ಅವನ ಕಣ್ಣೇ ಕಾರಣ.

ಗಮನಿಸಿದ್ದು ಸರಿಯಾಗೇ ಇದೆ, ಚೆನ್ನಾಗಿರುವ ಮರಿಯೇ ಸಾಯುವುದು. ಹೇಳುವ ಕಾರಣ ಮಾತ್ರ ತಪ್ಪು. ಇದು ಕರುಳು ಬೇನೆ, ಪಶು ಆಸ್ಪತ್ರೆಯವರ ಬಾಯಲ್ಲಿ ಇ.ಟಿ. (ಎಂಟರೊಟಾಕ್ಸೀಮಿಯಾ). ಇದನ್ನು ತರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ 'ಡಿ' ಬಗೆ ಹೊರಗಿನಿಂದ ಬಂದ ಕಳ್ಳನೇನಲ್ಲ. ಆರೋಗ್ಯವಾಗಿರುವ ಎಷ್ಟೋ ಕುರಿಗಳ ಕರುಳಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಬೇಸಿಗೆಯೆಲ್ಲ ರಾಗಿ ಹುಲ್ಲು ಮೇಯ್ದ ಹೊಟ್ಟೆಗೆ ಒಮ್ಮೆಲೇ ಎಳೆ ಗರಿಕೆಯೋ ಒಂದು ಮೊರ ಮುಸುಕಿನ ಜೋಳವೋ ಬಿದ್ದರೆ, ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಪೂರ್ತಿ ಅರಗಿಸಲಾರವು. ಉಳಿದ ಹಿಟ್ಟು ಸಕ್ಕರೆ ಸಣ್ಣ ಕರುಳಿಗೆ ಹರಿಯುತ್ತದೆ. ಅಲ್ಲಿ ಕಾದಿದ್ದ ಬ್ಯಾಕ್ಟೀರಿಯಾಕ್ಕೆ ಜಾತ್ರೆ ಊಟ. ಮೇವಿಗೆ ಮೊದಲು ನುಗ್ಗಿ ಹೆಚ್ಚು ತಿನ್ನುವುದು ಯಾವುದು? ಗಟ್ಟಿಮುಟ್ಟಾದ ಮರಿ. ದೃಷ್ಟಿಯ ಒಗಟು ಇಷ್ಟೇ.

ಇನ್ನು ಸ್ವಾರಸ್ಯ ಇರುವುದು ವಿಷದಲ್ಲಿ. ಬ್ಯಾಕ್ಟೀರಿಯಾ ಬಿಡುವ ಎಪ್ಸಿಲಾನ್ ವಿಷ ಹುಟ್ಟುವಾಗ ಒರೆಯೊಳಗಿನ ಕುಡುಗೋಲಿನ ಹಾಗೆ, ಹೆಚ್ಚೇನೂ ಮಾಡದು. ಎರಡೂ ತುದಿಗೆ ಹೆಚ್ಚುವರಿ ತುಂಡುಗಳು ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸುವುದು ಕುರಿಯದೇ ಟ್ರಿಪ್ಸಿನ್, ಅಂದರೆ ಪ್ರೋಟೀನು ಅರಗಿಸುವ ಕತ್ತರಿ. ಮನೆಯವರೇ ಎದ್ದು ಬಂದು ಅಗುಳಿ ತೆಗೆದುಕೊಟ್ಟ ಹಾಗೆ. ಒರೆ ಕಳಚಿದ ವಿಷ ಕರುಳಿನ ಗೋಡೆಯನ್ನು ಸಡಿಲಿಸಿ ತಾನೇ ರಕ್ತಕ್ಕೆ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಏಳು ಅಣುಗಳು ಕೈ ಕೈ ಹಿಡಿದು ಬಾವಿ ರಿಂಗಿನಂತೆ ಸುತ್ತ ನಿಂತು, ಮಿದುಳಿನ ರಕ್ತನಾಳದ ಜೀವಕೋಶಕ್ಕೆ ತೂತು ಕೊರೆಯುತ್ತವೆ. ಡ್ರಿಪ್ ಪೈಪನ್ನು ಅಳಿಲು ಅಲ್ಲಲ್ಲಿ ಕಚ್ಚಿದರೆ ಹೊಲ ಹೇಗೆ ಕೆಸರಾಗುತ್ತದೋ, ಮಿದುಳೂ ಹಾಗೆ ನೀರು ತುಂಬಿ ಊದುತ್ತದೆ. ಕತ್ತು ಸೆಟೆಯುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು ಅದಕ್ಕೇ. ಎಲ್ಲ ಕೆಲವೇ ಗಂಟೆಯ ಮಾತು. ಬರೆ ಎಳೆದರೂ ಅಷ್ಟೇ, ಆಂಟಿಬಯಾಟಿಕ್ ಚುಚ್ಚಿದರೂ ಬಹುಪಾಲು ಅಷ್ಟೇ. ಬ್ಯಾಕ್ಟೀರಿಯಾ ಸತ್ತರೂ ವಿಷ ಆಗಲೇ ಒಳಗಿದೆ.

ಈ ಬ್ಯಾಕ್ಟೀರಿಯಾವನ್ನು ಮೊದಲು ವಿವರಿಸಿದ್ದು 1892ರಲ್ಲಿ, ಅಮೆರಿಕದ ವೆಲ್ಚ್ ಮತ್ತು ನಟಾಲ್, ಅದೂ ಮನುಷ್ಯನ ಹೆಣದಲ್ಲಿ. ಕುರಿಯ ಸಾವಿಗೆ ಅದರ ನಂಟನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೆನೆಟ್ಸ್ ಎಂಬ ಪಶುವೈದ್ಯರು 1932ರಲ್ಲಿ ಬರೆದಿಟ್ಟರು. ಅಲ್ಲಿಯೂ ಹುಲುಸು ಮೇವಿನ ಕಾಲಕ್ಕೇ ಕಾಟ.

ಹಾಗಾಗಿ ಮಳೆಗಾಲದ ದಿನಚರಿ ಸ್ವಲ್ಪ ಬದಲಾಗಬೇಕು. ಮಂದೆ ಬಿಡುವ ಮುಂಚೆ ಒಣ ರಾಗಿ ಹುಲ್ಲೋ ಕಡಲೆಕಾಯಿ ಬಳ್ಳಿಯೋ ಹಾಕಿ ಅರ್ಧ ಹೊಟ್ಟೆ ತುಂಬಿಸಿ. ಹೊಸ ಹಸಿರಿನಲ್ಲಿ ಮೊದಲ ದಿನ ಅರ್ಧ ಗಂಟೆ ಸಾಕು, ಹತ್ತು ಹದಿನಾಲ್ಕು ದಿನಕ್ಕೆ ಪೂರ್ತಿ. ಟಗರು ಮರಿ ಕೊಬ್ಬಿಸುವವರು ಜೋಳದ ನುಚ್ಚನ್ನು ಮರಿಯೊಂದಕ್ಕೆ ದಿನಕ್ಕೆ 50 ಗ್ರಾಂನಿಂದ ಶುರುಮಾಡಿ, ಮೂರು ದಿನಕ್ಕೊಮ್ಮೆ 50 ಗ್ರಾಂ ಏರಿಸಿ, ಎರಡು ಹೊತ್ತಿಗೆ ಹಂಚಬೇಕು. ಗೋದಲಿ ಉದ್ದವಿರಲಿ, ಇಲ್ಲದಿದ್ದರೆ ಜೋರಿರುವುದೇ ಮೂರು ಪಾಲು ತಿನ್ನುತ್ತದೆ.

ಇ.ಟಿ. ಲಸಿಕೆ ಮಳೆಗೆ ಮುಂಚೆಯೇ ಬೀಳಬೇಕು. ಅದರ ರಕ್ಷಣೆ ಮೈಗೆ ಹತ್ತಲು ಎರಡು ವಾರ ಬೇಕಾದ್ದರಿಂದ, ಎರಡು ಮರಿ ಸತ್ತ ಮೇಲೆ ಓಡಿದರೆ ತಡ. ಮೊದಲ ವರ್ಷ ಎರಡು ಮೂರು ವಾರದ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಸಂತೆಯಿಂದ ತಂದ ಕುರಿಗೆ ಒಂದೇ ಸಲ ಹಾಕಿಸಿ ನಿಶ್ಚಿಂತೆಯಾಗುವುದೇ ಸಾಮಾನ್ಯ ತಪ್ಪು. ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿನಲ್ಲಿಟ್ಟು ಗಡ್ಡೆ ಕಟ್ಟಿದ್ದರೆ ಬಿಸಾಡಿ. ತಳದಲ್ಲಿ ಕೂತ ಮಡ್ಡಿಯೇ ಮದ್ದು, ಪ್ರತಿ ಸಲ ಕುಲುಕಿ. ಚರ್ಮವನ್ನು ಗುಡಾರದಂತೆ ಎತ್ತಿ ಅದರಡಿಗೆ ಚುಚ್ಚಬೇಕು, ಮಾಂಸಕ್ಕಲ್ಲ.

ಗಬ್ಬದ ಕುರಿಗೆ ಈಯುವ ತಿಂಗಳ ಮುಂಚೆ ಹಾಕಿಸಿದರೆ ರಕ್ಷಣೆ ಗಿಣ್ಣಿನಲ್ಲಿ ಇಳಿಯುತ್ತದೆ. ಕುರಿಯ ಗರ್ಭದಲ್ಲಿ ಪ್ರತಿಕಾಯಗಳು, ಅಂದರೆ ರೋಗ ತಡೆಯುವ ಪ್ರೋಟೀನುಗಳು, ಮರಿಗೆ ದಾಟುವುದಿಲ್ಲ, ಗಿಣ್ಣೇ ಗತಿ. ಕತ್ತರಿಯ ಇನ್ನೊಂದು ಆಟವೂ ಇಲ್ಲೇ. ಪ್ರತಿಕಾಯಗಳು ಅರಗಿ ಹೋಗದಂತೆ ಗಿಣ್ಣು ಟ್ರಿಪ್ಸಿನ್ನನ್ನು ತಡೆಯುತ್ತದೆ. ಆದರೆ ಇದೇ ಬ್ಯಾಕ್ಟೀರಿಯಾದ ಇನ್ನೆರಡು ಬಗೆ ಬಿಡುವ ಬೀಟಾ ವಿಷವನ್ನು ನಾಶ ಮಾಡುವುದೂ ಟ್ರಿಪ್ಸಿನ್ನೇ! ದೊಡ್ಡ ಮರಿಯನ್ನು ಕೊಲ್ಲುವ ವಿಷಕ್ಕೆ ಕತ್ತರಿ ಬೇಕು, ಎಳೆ ಮರಿಯನ್ನು ಕೊಲ್ಲುವುದಕ್ಕೆ ಕತ್ತರಿ ಇರಬಾರದು. ಹಾಗಂತ ಗಿಣ್ಣು ಹಿಂಡಿ ಚೆಲ್ಲಬೇಡಿ. ಈದ ಜಾಗ ಒಣಗಿರಲಿ, ಕೆಚ್ಚಲು ಒರೆಸಿ, ಮೊದಲ ಆರು ಗಂಟೆಯೊಳಗೆ ಕುಡಿಸಿ. ಮರಿಯ ಕಿಲೋ ತೂಕಕ್ಕೆ ಸಲಕ್ಕೆ ಸುಮಾರು 50 ಮಿ.ಲೀ., ದಿನಕ್ಕೆ ನಾಲ್ಕು ಸಲ.

ಮತ್ತೊಂದು ಎಚ್ಚರಿಕೆ: ದಿಢೀರ್ ಸತ್ತ ಕುರಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ಆಂಥ್ರಾಕ್ಸ್ ಇರಬಹುದು. ಚರ್ಮ ಸುಲಿಯಬೇಡಿ, ಕೊಯ್ದು ನೋಡಬೇಡಿ, ನಾಯಿಗಳನ್ನು ಹತ್ತಿರ ಬಿಡದೆ ಪಶುವೈದ್ಯರಿಗೆ ಫೋನ್ ಮಾಡಿ.