ಹಗ್ಗ ಬಿಗಿಯುವ ಡ್ರಮ್ ಮತ್ತು ಡ್ರಮ್ಮರ್ ಹುಡುಗರು: ಅಮೆರಿಕದ ಅಂತರ್ಯುದ್ಧ, 1861–65

ಅಂತರ್ಯುದ್ಧದ ಹಳೇ ಫೋಟೋಗಳಲ್ಲಿ ಡ್ರಮ್ ಹಿಡಿದು ನಿಂತ ಹುಡುಗರನ್ನು ನೋಡಿರುತ್ತೀರಿ. ಸೈನ್ಯದಲ್ಲಿ ಮಕ್ಕಳಿಗೇನು ಕೆಲಸ? ವೈರ್‌ಲೆಸ್ ಇಲ್ಲದ ಕಾಲ ಅದು. ಬಂದೂಕಿನ ಸದ್ದಿನಲ್ಲಿ ಅಧಿಕಾರಿಯ ಕೂಗು ಯಾರಿಗೂ ಕೇಳುತ್ತಿರಲಿಲ್ಲ. ಡ್ರಮ್ ಮಾತ್ರ ದೂರಕ್ಕೆ ಕೇಳುತ್ತಿತ್ತು.

ಮೊದಲು ವಾದ್ಯ ನೋಡೋಣ, ಇದು ನನಗೆ ಜಾಸ್ತಿ ಇಷ್ಟವಾದ ಭಾಗ. ಬಗ್ಗಿಸಿದ ಮರದ ಹಲಗೆಯ ಕವಚ. ಮೇಲೂ ಕೆಳಗೂ ಕರುವಿನ ಚರ್ಮ, ಅದನ್ನು ಒತ್ತಿ ಹಿಡಿಯಲು ಎರಡು ಮರದ ಬಳೆ. ಬಳೆಗಳ ನಡುವೆ ಹಗ್ಗ ಮೇಲೆ ಕೆಳಗೆ ಓಡುತ್ತದೆ. ಅಕ್ಕಪಕ್ಕದ ಎರಡೆರಡು ಎಳೆಗೆ ಒಂದೊಂದು ತೊಗಲಿನ ಪಟ್ಟಿ. ಪಟ್ಟಿಯನ್ನು ಕೆಳಕ್ಕೆ ಜಾರಿಸಿದರೆ ಎಳೆಗಳು ಹತ್ತಿರ ಬಂದು ಹಗ್ಗ ಬಿಗಿಯುತ್ತದೆ, ಚರ್ಮವೂ ಬಿಗಿಯುತ್ತದೆ. ನಮ್ಮ ಡೋಲಕ್‌ನ ಹಗ್ಗದಲ್ಲಿ ಕಬ್ಬಿಣದ ಬಳೆ ಮಾಡುವ ಕೆಲಸವೇ ಇದು. ಕೆಳಗಿನ ಚರ್ಮಕ್ಕೆ ತಾಗಿದಂತೆ ಕರುಳಿನಿಂದ ಹೊಸೆದ ತಂತಿಗಳಿರುತ್ತವೆ, ಇವೇ ಸ್ನೇರ್. ಮೇಲೆ ಬಡಿದಾಗ ಕೆಳಗಿನ ಚರ್ಮ ಅದುರಿ ಇವಕ್ಕೆ ತಾಕುತ್ತದೆ. ಸ್ನೇರ್ ಡ್ರಮ್ಮಿನ 'ಝರ್ರ್' ಹುಟ್ಟುವುದು ಅಲ್ಲೇ. ಮಳೆ ಹಿಡಿದರೆ ಮಾತ್ರ ಕಷ್ಟ: ಚರ್ಮ ಸಡಿಲಾಗಿ ಸದ್ದು ಸತ್ತುಹೋಗುತ್ತದೆ.

ಡ್ರಮ್ ಹೆಗಲ ಪಟ್ಟಿಯಿಂದ ಎಡಗಾಲಿನ ಮೇಲೆ ನೇತಾಡಿ, ಬಲಕ್ಕೆ ಇಳಿಜಾರಾಗಿ ವಾಲುತ್ತಿತ್ತು. ಅದಕ್ಕೇ ಎಡಗೈಯಲ್ಲಿ ಕೋಲನ್ನು ಹೆಬ್ಬೆರಳಿನ ಸಂದಿಯಲ್ಲಿ, ಅಂಗೈ ಮೇಲೆ ಮಾಡಿ ಹಿಡಿಯುವ ರೂಢಿ. ಇವತ್ತು ಡ್ರಮ್ಮನ್ನು ಸ್ಟ್ಯಾಂಡ್ ಮೇಲಿಟ್ಟು ಬಾರಿಸುವ ಜಾಝ್‌ನವರಲ್ಲೂ ಎಷ್ಟೋ ಜನ ಹಾಗೇ ಹಿಡಿಯುತ್ತಾರೆ!

ಡ್ರಮ್ಮಿನ ಒಂದೊಂದು ಬಡಿತಕ್ಕೂ ಒಂದೊಂದು ಹೆಸರು, ಒಂದೊಂದು ಅರ್ಥ: ಬೆಳಗ್ಗೆ ಎಬ್ಬಿಸಲು ರೆವಲಿ, ರಾತ್ರಿ ಬಿಡಾರಕ್ಕೆ ಕರೆಯಲು ಟ್ಯಾಟೂ. ಎಡೆಬಿಡದೆ ಲಾಂಗ್ ರೋಲ್ ಕೇಳಿಸಿತೆಂದರೆ ಕೈಲಿದ್ದುದನ್ನು ಬಿಟ್ಟು ಬಂದೂಕು ಹಿಡಿದು ಸಾಲಿಗೆ ಓಡಬೇಕು. ಕಾದಾಟ ಶುರುವಾದ ಮೇಲೆ ಈ ಹುಡುಗರೇ ಗಾಯಾಳುಗಳನ್ನು ಹೊರುತ್ತಿದ್ದರು, ಸರ್ಜನ್‌ಗಳಿಗೆ ನೆರವಾಗುತ್ತಿದ್ದರು.

ವರ್ಮಾಂಟ್ ರಾಜ್ಯದ ಡ್ರಮ್ಮರ್ ಹುಡುಗ ವಿಲ್ಲಿ ಜಾನ್‌ಸ್ಟನ್ 1862ರ ಏಳು ದಿನಗಳ ಕದನದಲ್ಲಿ ಸೈನ್ಯ ಹಿಮ್ಮೆಟ್ಟುವಾಗ ತನ್ನ ಡ್ರಮ್ ಬಿಡಲಿಲ್ಲ. ಅವನ ಡಿವಿಷನ್ನಿನ ಉಳಿದ ಡ್ರಮ್ಮರ್‌ಗಳೆಲ್ಲ ಭಾರ ಎಂದು ಎಸೆದಿದ್ದರು. ಮರುವರ್ಷ, 13ನೇ ವಯಸ್ಸಿಗೆ, ಅವನಿಗೆ ಅಮೆರಿಕದ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂತು.

ಇನ್ನೊಬ್ಬ ಹೆಸರಾದ ಡ್ರಮ್ಮರ್ ಹುಡುಗ ಜಾನಿ ಕ್ಲೆಮ್ ವಿಷಯದಲ್ಲಿ ಸ್ವಲ್ಪ ಹುಷಾರು. 1862ರ ಏಪ್ರಿಲ್‌ನ ಶೈಲೋ ಕದನದಲ್ಲಿ ಅವನ ಡ್ರಮ್ಮಿಗೆ ಗುಂಡು ಬಿತ್ತು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಆದರೆ ಅವನಿದ್ದ 22ನೇ ಮಿಷಿಗನ್ ರೆಜಿಮೆಂಟ್ ಹುಟ್ಟಿದ್ದೇ ಆ ವರ್ಷದ ಆಗಸ್ಟ್‌ನಲ್ಲಿ, ಅಂದಮೇಲೆ ಹೇಗೆ ನಂಬೋದು ಅಲ್ವಾ? ಅವನಿಗೆ ಹೆಸರು ತಂದದ್ದು 1863ರ ಸೆಪ್ಟೆಂಬರ್‌ನ ಚಿಕಮಾಗ ಕದನ.