ಕರಡಿ ಕುಣಿತ ನಿಲ್ಲಲು ಕಾನೂನು ಬಂದ ಮೇಲೂ 37 ವರ್ಷ ಯಾಕೆ ಹಿಡಿಯಿತು?

ನಲವತ್ತು ದಾಟಿದ ಬಹಳಷ್ಟು ಜನರಿಗೆ ಕರಡಿ ಕುಣಿಸುವವರು ನೆನಪಿರುತ್ತಾರೆ. ಡಮರು ಬಾರಿಸುತ್ತಾ ಕಲಂದರ್ ಜನ ಊರಿಗೆ ಬರುತ್ತಿದ್ದರು. ಬೆಚ್ಚಿ ಬೀಳುವ ಮಕ್ಕಳನ್ನು ಕರಡಿ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತದೆ ಅಂತ ತಾಯಂದಿರು ಎತ್ತಿಕೊಂಡು ಬರುತ್ತಿದ್ದರು, ಕರಡಿ ಕೂದಲಿನ ತಾಯತ ಕಟ್ಟಿಸುತ್ತಿದ್ದರು. ಯಾರಿಗೂ ಅದು ಹಿಂಸೆ ಅನ್ನಿಸುತ್ತಿರಲಿಲ್ಲ.

ಆದರೆ ಆ ಕರಡಿ ಕುಣಿಯುತ್ತಿದ್ದದ್ದು ನೋವಿಗೆ. ತಾಯಿಯನ್ನು ಕೊಂದು, ಇಲ್ಲವೇ ಅದು ಇಲ್ಲದ ಹೊತ್ತು ನೋಡಿ, ಕೆಲವೇ ವಾರಗಳ ಮರಿಯನ್ನು ಕದ್ದು ತರುತ್ತಿದ್ದರು. ಕಾಯಿಸಿದ ಕಬ್ಬಿಣದ ಸೂಜಿಯಿಂದ ಮೂತಿ ಚುಚ್ಚಿ, ಆ ತೂತಿಗೆ ಹಗ್ಗ ಪೋಣಿಸುತ್ತಿದ್ದರು. ಅರಿವಳಿಕೆ ಇಲ್ಲ, ಏನೂ ಇಲ್ಲ. ಕೋರೆಹಲ್ಲು ಬಡಿದು ಮುರಿಯುತ್ತಿದ್ದರು. ಹಗ್ಗ ಮೇಲಕ್ಕೆ ಎಳೆದಾಗ ನೋವು ತಡೆಯಲಾರದೆ ಪ್ರಾಣಿ ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತಿತ್ತು, ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶನ ಮಾಡಬಾರದು ಅಂತ ಕೇಂದ್ರ ಸರ್ಕಾರ ಅಧಿಸೂಚನೆಯನ್ನೂ ಹೊರಡಿಸಿತು. ಆದರೂ ಕರಡಿಗಳು ರಸ್ತೆಯಲ್ಲೇ ಇದ್ದವು. ಯಾಕೆ?

ಹಿಡಿದರೆ ಇಡುವುದೆಲ್ಲಿ? ಇದೇ ದೊಡ್ಡ ತೊಡಕು. ಕೋರೆಹಲ್ಲಿಲ್ಲದ, ತಾಯಿಯಿಂದ ಏನೂ ಕಲಿಯದ ಕರಡಿಯನ್ನು ಕಾಡಿಗೆ ಬಿಟ್ಟರೆ ಅದು ಉಪವಾಸ ಸಾಯುತ್ತದೆ, ಇಲ್ಲವೇ ಮನುಷ್ಯರ ಹತ್ತಿರವೇ ವಾಪಸ್ ಬರುತ್ತದೆ. ಇನ್ನೊಂದು, ಕಲಂದರ್ ಕುಟುಂಬಗಳಿಗೆ ತಲೆಮಾರುಗಳಿಂದ ಇದ್ದ ಕಸುಬು ಅದೊಂದೇ. ಒಂದು ಕರಡಿ ಕಿತ್ತುಕೊಂಡರೆ ಸಾಲ ಮಾಡಿಯಾದರೂ ಕಳ್ಳಬೇಟೆಗಾರರಿಂದ ಇನ್ನೊಂದು ಮರಿ ತರುತ್ತಿದ್ದರು. ಹಾಗಾಗಿ ಅವರನ್ನು ಬರೀ ಕ್ರೂರಿಗಳು ಅಂತ ಬೈದರೆ ಅರ್ಧ ಕಥೆ ಬಿಟ್ಟಂತೆ.

1995ರಲ್ಲಿ ಶುರುವಾದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಈ ಎರಡೂ ಗಂಟುಗಳನ್ನು ಒಟ್ಟಿಗೆ ಬಿಚ್ಚಲು ಹೊರಟಿತು. ಕರಡಿ ಒಪ್ಪಿಸಿದವರಿಗೆ ಬೇರೆ ಕೆಲಸ ಶುರು ಮಾಡಲು ದುಡ್ಡು, ಮಕ್ಕಳಿಗೆ ಓದು. ಇತ್ತ ಕರಡಿಗೆ ಜೀವನಪೂರ್ತಿ ಆಶ್ರಯ. ಆಗ್ರಾದ ಕೇಂದ್ರಕ್ಕೆ 2002ರಲ್ಲಿ ಮೊದಲ ಕರಡಿಗಳು ಬಂದವು. 2005ರಲ್ಲಿ ಅರಣ್ಯ ಇಲಾಖೆ ಜೊತೆ ಸೇರಿ ನಮ್ಮ ಬನ್ನೇರುಘಟ್ಟದಲ್ಲೂ ಕೇಂದ್ರ ಶುರುವಾಯಿತು. 2009ರ ಡಿಸೆಂಬರ್‌ನಲ್ಲಿ ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾದ ರಾಜು ಬಂದು ಸೇರಿದ್ದೂ ಬನ್ನೇರುಘಟ್ಟಕ್ಕೇ.

ವೈದ್ಯರ ಕೆಲಸ ಅಲ್ಲಿಂದ ಶುರು. ಮೊದಲು ಅರಿವಳಿಕೆ ಕೊಟ್ಟು ಮೂಗಿನ ಹಗ್ಗ ಕತ್ತರಿಸಬೇಕು. ಎಷ್ಟೋ ಸಲ ಹಗ್ಗದ ಸುತ್ತ ಮಾಂಸ ಬೆಳೆದು, ಕೀವು ತುಂಬಿರುತ್ತದೆ. ನಮ್ಮ ಕರಡಿಗೆ ಮೂತಿ ಅಂದರೆ ಸುಮ್ನೆ ಮೂಸಲು ಇರುವ ಅಂಗವಲ್ಲ. ಮೇಲಿನ ಎರಡು ಮುಂದಿನ ಹಲ್ಲು ಅದಕ್ಕೆ ಹುಟ್ಟಿನಿಂದಲೇ ಇಲ್ಲ. ಹುತ್ತ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿನಿಂದ ಗೆದ್ದಲನ್ನು ಸೊರ್ರನೆ ಒಳಗೆಳೆದುಕೊಳ್ಳುತ್ತದೆ. ಹೊಟ್ಟೆ ತುಂಬಿಸುವ ಆ ಮೂತಿಗೇ ತೂತು ಹಾಕಿದ್ದರು! ಆಮೇಲೆ ಹಲ್ಲು. ಮುರಿದ ಕೋರೆಯ ಬೇರು ಬಾಯಲ್ಲೇ ಕೊಳೆತಿರುತ್ತದೆ, ಅದನ್ನು ಕಿತ್ತು ಸ್ವಚ್ಛ ಮಾಡಬೇಕು. ಕೆಲವಕ್ಕೆ ಕಣ್ಣು ಕಾಣುವುದಿಲ್ಲ, ಕೆಲವಕ್ಕೆ ಕ್ಷಯ ಇರುತ್ತದೆ. ಗಾಯ ಮಾಗಿದರೂ ಎಷ್ಟೋ ಕರಡಿಗಳು ನಿಂತಲ್ಲೇ ತಲೆ ತೂಗುತ್ತಲೇ ಇರುತ್ತವೆ, ಹಗ್ಗ ಇನ್ನೂ ಇದೆಯೇನೋ ಅನ್ನುವಂತೆ. ಮರದ ದಿಮ್ಮಿಗೆ ಜೇನು ಸವರುವುದು, ಹತ್ತಲು ಅಟ್ಟಣಿಗೆ ಕಟ್ಟುವುದು, ಕೆರೆದಾಡಲು ಮಣ್ಣು ಕೊಡುವುದು, ಇವೆಲ್ಲ ಆ ಚಟ ಬಿಡಿಸುವ ಚಿಕಿತ್ಸೆಯೇ. ಇದಕ್ಕೆ ವರ್ಷಗಳು ಬೇಕು.

ಕುಣಿತ ನಿಂತಿತು. ಕರಡಿಗಳ ಕಷ್ಟ ನಿಂತಿಲ್ಲ. ಬಳ್ಳಾರಿ, ಕೊಪ್ಪಳ, ತುಮಕೂರು ಕಡೆಯ ಕಲ್ಲುಗುಡ್ಡಗಳು ಅವುಗಳ ಮನೆ. ಅವುಗಳಿಗಾಗಿಯೇ 1994ರಲ್ಲಿ ಹಂಪಿ ಹತ್ತಿರ ದರೋಜಿ ಧಾಮ ಮಾಡಿದರು. ಆದರೆ ಧಾಮದ ಹೊರಗೆ ಇರುವ ಗುಡ್ಡಗಳನ್ನು ಕ್ವಾರಿಗಳು ತಿನ್ನುತ್ತಿವೆ. ಹೊಲದಂಚಿನಲ್ಲಿ ಕಾಡುಹಂದಿಗೆ ಅಂತ ಇಟ್ಟ ತಂತಿ ಉರುಳಿಗೆ ಕರಡಿಯೋ ಚಿರತೆಯೋ ಬೀಳುತ್ತದೆ. ಉರುಳು ಸೊಂಟಕ್ಕೆ ಬಿಗಿದಿದ್ದರೆ ಮೇಲೆ ಸಣ್ಣ ಗೆರೆ ಅಷ್ಟೇ ಕಾಣಬಹುದು, ಆದರೆ ಒಳಗೆ ರಕ್ತ ಹರಿಯದೆ ಮಾಂಸ ಸತ್ತು, ಎರಡು ಮೂರು ದಿನದ ಮೇಲೆ ಪ್ರಾಣಿ ಕುಸಿದುಬಿಡುತ್ತದೆ. ಬಿಡಿಸಿದ ತಕ್ಷಣ ಓಡಿತಲ್ಲ, ಬದುಕಿತು ಅಂದುಕೊಳ್ಳುತ್ತೇವೆ, ಅಲ್ವಾ? ಅದಕ್ಕೇ ವೈದ್ಯರು ಇಂಥ ಪ್ರಾಣಿಯನ್ನು ಕೆಲವು ದಿನವಾದರೂ ಇಟ್ಟುಕೊಂಡು ನೋಡಬೇಕು ಅನ್ನುವುದು.

ಉರುಳಿಗೆ ಬಿದ್ದ ಪ್ರಾಣಿ ಕಂಡರೆ ನೀವೇ ಬಿಡಿಸಲು ಹೋಗಬೇಡಿ. ಸುತ್ತ ಜನ ಸೇರಿದಷ್ಟೂ ಅದು ಜಾಸ್ತಿ ಎಳೆದಾಡುತ್ತದೆ, ತಂತಿ ಇನ್ನೂ ಒಳಕ್ಕೆ ಹೋಗುತ್ತದೆ. ಮೊಬೈಲ್ ಜೇಬಿನಿಂದ ತೆಗೆಯುವುದಾದರೆ ಫೋಟೊಗಲ್ಲ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಲು ತೆಗೆಯಿರಿ.